ಸೋಮವಾರ ಬಂದ ಸಾಹೇಬ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಯಾವ ದಿನ ಯಾವ ಕೆಲಸ ಎಂಬುದು ಗೊತ್ತುಮಾಡಿಟ್ಟ ಹಾಗೆ ಇತ್ತು. ಮಂಗಳವಾರ ಅಂಗಳ ಸಾರಿಸಬೇಕು, ಶುಕ್ರವಾರ ತಲೆಗೆ ಎರೆದುಕೊಳ್ಳಬೇಕು. ಸೋಮವಾರ ಎತ್ತುಗಳಿಗೆ ಸೂಟಿ. ಆ ದಿನ ನಾಗನೂರಿನ ನಮ್ಮ ಕೇರಿಯಲ್ಲಿ ಯಾರೂ ಎತ್ತಿನ ಹೆಗಲ ಮೇಲೆ ನೊಗ ಇಡುತ್ತಿರಲಿಲ್ಲ. ಎತ್ತು ನಮಗೆ ಬಸವಣ್ಣ. ಅಪ್ಪ ಅವುಗಳ ಮೈ ತೊಳೆದು ವಿಭೂತಿ ಹಚ್ಚಿದ ಮೇಲೆಯೇ ನಮಗೆ ರೊಟ್ಟಿ.

ಅದು ಬ್ರಿಟಿಷರ ಕಾಲ. ಹೊಲ ನಮ್ಮದು, ಬೆವರು ನಮ್ಮದು, ಕರ ಮಾತ್ರ ಅವರಿಗೆ. ಸ್ವರಾಜ್ಯ ಬರುವತನಕ ಕರ ಕೊಡುವುದಿಲ್ಲ ಎಂದು ಊರವರೆಲ್ಲ ಗುಡಿಯ ಕಟ್ಟೆಯ ಮೇಲೆ ಕುಳಿತು ಮಾತು ಕೊಟ್ಟಿದ್ದರು. ಕರ ಕೊಡದವರ ಮನೆಗೆ ಸರ್ಕಾರದವರು ಬಂದು ಪಾತ್ರೆ, ಕಾಳುಕಡಿ ಎತ್ತಿಕೊಂಡು ಹೋಗುತ್ತಿದ್ದರು. ಅದಕ್ಕೆ ಜಪ್ತಿ ಎಂದು ಹೆಸರು. ಜಪ್ತಿಗೆ ಬಂದವರಿಗೆ ಗುಟುಕು ನೀರನ್ನೂ ಕೊಡಬಾರದು ಎಂದು ಊರಲ್ಲಿ ಇನ್ನೊಂದು ಮಾತೂ ಆಗಿತ್ತು.

ಆ ಬೇಸಿಗೆಯಲ್ಲಿ ಅಕ್ಕನ ಮದುವೆ ಗೊತ್ತಾಗಿತ್ತು. ಅವಳ ಜೊತೆ ಕಳಿಸಲು ಅಪ್ಪ ಗೋಕಾಕದಿಂದ ಒಂದು ತಾಮ್ರದ ಕೊಡ ತಂದಿದ್ದರು. ಅಕ್ಕ ಅದನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ, ಅಡುಗೆಮನೆಯ ಕತ್ತಲಲ್ಲೂ ಹೊಳೆಯುವ ಹಾಗೆ ಮಾಡಿದ್ದಳು. ಕಿವಿ ಹಚ್ಚಿದರೆ ಅದರೊಳಗೆ ಗುಂಯ್ ಎನ್ನುತ್ತಿತ್ತು. ನನಗೆ ಅದನ್ನು ಮುಟ್ಟಲು ಮಾತ್ರ ಅಪ್ಪಣೆ, ಎತ್ತಲು ಇಲ್ಲ.

ಒಂದು ಸೋಮವಾರ ಬಿಸಿಲೇರುವ ಹೊತ್ತಿಗೆ ಕುದುರೆಯ ಮೇಲೆ ಒಬ್ಬ ಸಾಹೇಬ, ಹಿಂದೆ ಇಬ್ಬರು ಶಿಪಾಯಿಗಳು ಬಂದರು. ನಾನು ಎತ್ತಿನ ಬೆನ್ನಿನ ಮೇಲೆ ನೀರು ಹಾಕುತ್ತಿದ್ದೆ. ಶಿಪಾಯಿಗಳು ಒಳಗೆ ಹೋಗಿ ಹಂಡೆ, ಪರಾತ, ತಂಬಿಗೆ ಎಲ್ಲವನ್ನೂ ತಂದು ಅಂಗಳದಲ್ಲಿ ಗುಡ್ಡೆ ಹಾಕಿದರು. ಕೊನೆಗೆ ಅಕ್ಕನ ಕೊಡವೂ ಬಂತು. ಅಕ್ಕ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಗಾಡಿ ಹೂಡು," ಎಂದ ಸಾಹೇಬ. ಸಾಮಾನು ಸಾಗಿಸಲು ಊರಿನ ಗಾಡಿಯನ್ನೇ ಹಿಡಿಯುವುದು ಅವರ ರೂಢಿ.

ಅಪ್ಪ ಎತ್ತಿನ ಕೊರಳ ಮೇಲಿನ ಕೈ ತೆಗೆಯಲಿಲ್ಲ. "ಇವತ್ತ ಸೋಮವಾರ ರೀ ಸಾಹೇಬ್ರ. ಎತ್ತಿಗೆ ಸೂಟಿ."

"ಇದು ಸರ್ಕಾರದ ಹುಕುಂ!"

"ಹುಕುಂ ನನಗ ರೀ. ಎತ್ತಿಗೆ ಅಲ್ಲಲ್ಲ."

ಸಾಹೇಬನ ಮುಖ ಕೆಂಪಾಯಿತು. ಇಬ್ಬರಲ್ಲಿ ಹಿರಿಯ ಶಿಪಾಯಿಗೆ, "ನೀನೇ ಹೂಡು," ಎಂದ. ಆತ ಗಾಡಿಯ ಹತ್ತಿರ ಹೋಗಿ ನೊಗಕ್ಕೆ ಕೈ ಹಚ್ಚಿದ. ಎತ್ತಿನ ಹಣೆಯ ವಿಭೂತಿ ನೋಡಿದ. ಕೈ ಹಿಂದಕ್ಕೆ ಬಂತು.

"ನನ್ನ ಕಡಿಂದ ಆಗೂದಿಲ್ರಿ. ನಮ್ಮ ಮನ್ಯಾಗೂ ಸೋಮವಾರ ಹೂಡಂಗಿಲ್ರಿ."

"ನೌಕರಿ ಬೇಡವೇನು ನಿನಗೆ?"

ಆತ ನೊಗ ಬಿಟ್ಟು ಸರಿದು ನಿಂತ. ಹಣೆಯ ಬೆವರು ಮೀಸೆಗೆ ಇಳಿಯುತ್ತಿತ್ತು. ಅಕ್ಕನ ಕಡೆ ತಿರುಗಿ, "ತಂಗೀ, ಒಂದ ಗುಟುಕ ನೀರ ಕೊಡವಾ," ಎಂದ.

"ಕೊಡತಿದ್ದೆ ಕಾಕಾ. ಖರೆ, ತಂಬಿಗಿ, ಕೊಡ ಎಲ್ಲಾ ನೀವ ತಂದ ಅಂಗಳದಾಗ ಇಟ್ಟೀರಿ. ಯಾತರಾಗ ಕೊಡ್ಲಿ?"

ಇನ್ನೊಬ್ಬ ಶಿಪಾಯಿ ನಗು ತಡೆಯಲಾರದೆ ಆ ಕಡೆ ತಿರುಗಿದ. ಅಕ್ಕ ಮಾತ್ರ ನಗಲಿಲ್ಲ. ಒಳಗೆ ಹೋಗಿ ಮಣ್ಣಿನ ಗಡಿಗೆ ಎತ್ತಿಕೊಂಡು ಬಂದಳು. ಅದನ್ನು ಜಪ್ತಿ ಮಾಡಲು ಯಾರಿಗೂ ಮನಸ್ಸಾಗಿರಲಿಲ್ಲ.

ಪಕ್ಕದ ಮನೆಯ ಕಾಕಿ ಗೋಡೆಯಾಚೆಯಿಂದ ಕೂಗಿದಳು: "ಏ ಹುಡುಗಿ, ಊರಾಗ ಏನ ಮಾತಾಗೇತಿ? ಅವ್ರಿಗೆ ನೀರ ಕೊಡಬ್ಯಾಡ!"

"ನೌಕರಿ ಹೋದ್ರೂ ಎತ್ತ ಹೂಡಲಿಲ್ಲ ನೋಡ ಕಾಕಿ, ಇವ್ರು ಯಾರ ಪೈಕಿ ಆದ್ರು?" ಎಂದು ಅಕ್ಕ ಅಪ್ಪನ ಮುಖ ನೋಡಿದಳು. ಆಗಲಿ ಎನ್ನುವ ಹಾಗೆ ಅಪ್ಪ ಒಮ್ಮೆ ಕಣ್ಣು ಮುಚ್ಚಿ ತೆರೆದರು. ಶಿಪಾಯಿ ಬೊಗಸೆ ಒಡ್ಡಿದ. ಅಕ್ಕ ನಿಧಾನವಾಗಿ ಎರೆದಳು. ಒಣ ನೆಲಕ್ಕೆ ಬಿದ್ದ ಹನಿಗಳಿಂದ ಮಣ್ಣಿನ ವಾಸನೆ ಎದ್ದಿತು.

ನಾಳೆ ಗಾಡಿ ತರುತ್ತೇನೆ ಎಂದು ಸಾಹೇಬ ಕುದುರೆ ಹತ್ತಿದ. ಬರಿಗೈಲಿ ಹೋಗಲು ಮನಸ್ಸಾಗದೆ, ಹೊಳೆಯುತ್ತಿದ್ದ ಆ ತಾಮ್ರದ ಕೊಡವನ್ನು ಜೀನಿಗೆ ಕಟ್ಟಿಸಿಕೊಂಡ. ಶಿಪಾಯಿಗಳೂ ಹಿಂದೆ ಹೋದರು. ಓಣಿಯ ತಿರುವಿನವರೆಗೂ ಕೊಡ ಟಣ್ ಟಣ್ ಎನ್ನುತ್ತಿತ್ತು. ಆಗ ಅಕ್ಕ ಅತ್ತಳು. ನಾನು ಅವಳ ಸೆರಗು ಹಿಡಿದುಕೊಂಡು ನಿಂತಿದ್ದೆ.

ಮರುದಿನ ಗಾಡಿ ಬಂತು. ಅಷ್ಟರಲ್ಲಿ ಕೇರಿಯ ಹೆಂಗಸರು ನಮ್ಮ ಪಾತ್ರೆಗಳನ್ನು ಸೆರಗಿನ ಮರೆಯಲ್ಲಿ ಒಂದೊಂದಾಗಿ ಸಾಗಿಸಿಬಿಟ್ಟಿದ್ದರು. ಮೊದಲು ಬಂದವಳು ಕಾಕಿಯೇ. ಅಪ್ಪ ಎತ್ತುಗಳನ್ನು ನಸುಕಿನಲ್ಲೇ ಸೋದರಮಾವನ ಊರಿಗೆ ಹೊಡೆದುಕೊಂಡು ಹೋಗಿದ್ದರು. ಆ ಕೊಡ ಮಾತ್ರ ಮರಳಲಿಲ್ಲ. ಆ ಶಿಪಾಯಿಯ ನೌಕರಿ ಉಳಿಯಿತೋ ಇಲ್ಲವೋ, ನಮಗೆ ತಿಳಿಯಲೇ ಇಲ್ಲ.

ಅಕ್ಕ ಅದೇ ಮಣ್ಣಿನ ಗಡಿಗೆಯನ್ನು ಸೊಂಟದ ಮೇಲಿಟ್ಟುಕೊಂಡು ಕಣಗಲಾ ಊರಿನ ಗಂಡನ ಮನೆಗೆ ಹೋದಳು. ಅತ್ತೆ ಅದನ್ನು ಎರಡೂ ಕೈಯಿಂದ ಇಳಿಸಿಕೊಂಡು, "ಕರ ಕೊಡದ ಮನಿ ಗಡಿಗಿ ಐತಿ, ಹುಷಾರ," ಎಂದು ಎಲ್ಲರಿಗೂ ತೋರಿಸಿದಳಂತೆ.

ಮಕ್ಕಳೇ, ನಿಮ್ಮ ಅಂಗಳದಲ್ಲಿ ಟ್ರ್ಯಾಕ್ಟರ್ ಇದೆ. ಅದಕ್ಕೆ ಸೋಮವಾರ ಗೊತ್ತಿಲ್ಲ. ನಲ್ಲಿ ತಿರುಗಿಸಿದರೆ ನಿಮಗೆ ನೀರು ಬರುತ್ತದೆ. ಕರ ಎಷ್ಟು, ಯಾಕೆ ಎಂದು ಕೇಳುವ ಹಕ್ಕೂ ನಿಮಗಿದೆ, ಕೇಳಿ. ಆದರೆ ದಾರಿಹೋಕರಿಗೆಂದು ಮನೆಮುಂದಿನ ಕಟ್ಟೆಯ ಮೇಲೆ ನಾನು ಇಟ್ಟಿರುವ ನೀರಿನ ಗಡಿಗೆ ಅಲ್ಲೇ ಇರಲಿ. ದಣಿದು ಬಂದವರಿಗೆ ಮೊದಲು ನೀರು, ಯಾರು, ಏನು ಎಂಬುದು ಆಮೇಲೆ.

ಇವತ್ತು ಸೋಮವಾರ. ಎದ್ದು ಅದನ್ನು ತುಂಬಿಸಿ ಬನ್ನಿ ನೋಡೋಣ.