ಬಿಳಿ ಹರಳಿಟ್ಟ ಹತ್ತೊಂಬತ್ತು ಗುಪ್ಪೆಗಳು

ದಕ್ಷಿಣ ಯೂಟಾದ ಕೆಂಬಂಡೆಯ ಸೀಮೆಯಲ್ಲಿ ನೆಡ್ರಾ ಟ್ವಿಚೆಲ್ ಇಪ್ಪತ್ತೆರಡು ವರ್ಷ ಚಾರಣದ ಹಾದಿಗಳ ಕಾವಲು ಕೆಲಸ ಮಾಡಿದವಳು. ಬರಿಬಂಡೆಯ ಮೇಲೆ ಹೆಜ್ಜೆಗುರುತು ಮೂಡುವುದಿಲ್ಲ. ದಾರಿ ತೋರಿಸುವುದು ಕಲ್ಲಿನ ಮೇಲೆ ಕಲ್ಲಿಟ್ಟ ಗುಪ್ಪೆಗಳು ಮಾತ್ರ. ಪ್ರವಾಸಿಗರು ಆಟಕ್ಕೆ ಕಟ್ಟಿದ ಸುಳ್ಳು ಗುಪ್ಪೆಯನ್ನು ನಂಬಿ ಇಬ್ಬರು ಕಮರಿಗೆ ಬಿದ್ದ ಮೇಲೆ, ತಾನು ಕಟ್ಟದ ಪ್ರತಿಯೊಂದು ಗುಪ್ಪೆಯನ್ನೂ ಅವಳು ಬೂಟುಗಾಲಿನಿಂದ ಒದ್ದು ಚದುರಿಸುತ್ತಿದ್ದಳು. ಅದರಲ್ಲಿ ಅವಳಿಗೊಂದು ಸಂತೋಷವೂ ಇತ್ತು. ಅದನ್ನು ಅವಳು ಮುಚ್ಚಿಡಲಿಲ್ಲ.

ಒಂದು ಮೇ ತಿಂಗಳ ಶುಕ್ರವಾರ, ಊರ ಹಿಂದಿನ ನೀರಿನ ಚಿಲುಮೆಗೆ ಹೋಗುವ ಬಂಡೆಯ ಮೇಲೆ ಹೊಸ ಗುಪ್ಪೆಗಳ ಸಾಲು ಕಂಡಿತು. ಒಂದೊಂದರ ನೆತ್ತಿಯ ಮೇಲೂ ಬಿಳಿ ಹರಳು. ಯಾರೋ ಶೋಕಿಗೆ ಮಾಡಿದ್ದಾರೆಂದು ಹತ್ತೊಂಬತ್ತನ್ನೂ ಒದ್ದಳು. ಹರಳುಗಳು ಬಂಡೆಯ ಇಳಿಜಾರಿನಲ್ಲಿ ಉರುಳಿ ಹೋದವು.

ಮರುದಿನ ಬೆಳಿಗ್ಗೆ ಗಂಡ ಲವೆಲ್ ಎಂದಿನಂತೆ ಚಿಲುಮೆಯತ್ತ ಹೊರಟ. ನೆಡ್ರಾ ಬಟ್ಟೆ ಒಗೆಯಲು ಕುಳಿತಳು. ಅವನ ಹಿಂದಿನ ದಿನದ ಪ್ಯಾಂಟನ್ನು ಕೊಡವಿದಾಗ ಜೇಬಿನಿಂದ ಏನೋ ಟಪಟಪನೆ ನೆಲಕ್ಕೆ ಬಿತ್ತು. ಬಿಳಿ ಹರಳುಗಳು. ಒಂದು ಹಿಡಿಯಷ್ಟು.

ಅವಳಿಗೆ ಮೊದಲು ಏನೂ ಹೊಳೆಯಲಿಲ್ಲ. ಆಮೇಲೆ ಎಲ್ಲವೂ ಒಮ್ಮೆಲೇ ಹೊಳೆಯಿತು: ಕಾಫಿ ಲೋಟಕ್ಕೆಂದು ಅವನು ಮೇಜಿನ ಮೇಲೆ ಕೈಯಾಡಿಸುತ್ತಿದ್ದದ್ದು, ಟ್ರಕ್ಕನ್ನು ಅವಳೇ ಓಡಿಸಲೆಂದು ನೆಪ ಹೇಳುತ್ತಿದ್ದದ್ದು. ನೀರಿನ ಬಾಟಲಿಯನ್ನೂ ತೆಗೆದುಕೊಳ್ಳದೆ ಓಡಿದಳು.

ಬಂಡೆಯ ಅಂಚಿನಲ್ಲಿ ಲವೆಲ್ ಕುಳಿತಿದ್ದ. ಅವನ ಮೊಣಕಾಲಿನಿಂದ ಒಂದು ಮೊಳ ಆಚೆಗೆ ಬಂಡೆ ಮುಗಿದು, ಕೆಳಗೆ ಅರವತ್ತು ಆಳುದ್ದದ ಕಮರಿ. ಉರುಳಿ ಬಂದಿದ್ದ ಹರಳೊಂದು ಅವನ ಅಂಗೈಯಲ್ಲಿತ್ತು. ಆ ಬಿಳುಪನ್ನೇ ನಂಬಿ ನಡೆದು ಬಂದಿದ್ದ. ಗುಪ್ಪೆ ತಡವಲು ಬಗ್ಗಿದಾಗ ಹರಳು ಸಿಕ್ಕಿತು, ಅದರಾಚೆ ಕೈಗೆ ಏನೂ ಸಿಗಲಿಲ್ಲ.

ನೆಡ್ರಾ ಕೂಗಲಿಲ್ಲ. ಬೂಟು ಬಿಚ್ಚಿಟ್ಟು ಹಿಂದಿನಿಂದ ಬಂದು, ಮೆಲ್ಲಗೆ ಅವನ ಹೆಸರು ಹೇಳಿ ಅಂಗಿ ಹಿಡಿದು ಎಳೆದುಕೊಂಡಳು.

"ಯಾವನೋ ದರಿದ್ರ ಟೂರಿಸ್ಟು ನನ್ನ ಗುಪ್ಪೆಗಳನ್ನೆಲ್ಲ ಒದ್ದು ಹಾಕಿದಾನೆ ಕಣೇ," ಎಂದ ಲವೆಲ್. "ಸಿಕ್ಕಿದ್ರೆ ನಿನ್ನ ಕೈಗೇ ಒಪ್ಪಿಸ್ತೀನಿ."

"ನಾನೇ ಒದ್ದಿದ್ದು."

ಅವನು ಅಂಗೈಯ ಹರಳನ್ನು ಹೆಬ್ಬೆರಳಿನಿಂದ ತಿರುವಿದ.

"ಹತ್ತೊಂಬತ್ತೂನಾ?"

"ಹತ್ತೊಂಬತ್ತೂ."

"ನೀನು ಯಾವತ್ತು ಅರ್ಧ ಕೆಲಸ ಮಾಡಿದೀಯ ಬಿಡು."

ಅವಳು ನಗಲಿಲ್ಲ. ಕಣ್ಣು ಯಾವಾಗಿನಿಂದ ಹೀಗೆ ಎಂದು ಕೇಳಿದಳು. ಎರಡು ವರ್ಷವಾಯಿತು, ಬಿಳುಪು ಬಿಟ್ಟರೆ ಉಳಿದದ್ದೆಲ್ಲ ಮಸುಕು ಎಂದ. ಯಾಕೆ ಹೇಳಲಿಲ್ಲ ಎಂದಳು.

"ಹೇಳಿದ್ರೆ ನೀನು ನನ್ನ ಮನೇಲಿ ಕೂರಿಸಿಬಿಡ್ತಿದ್ದೆ. ಈ ಬಂಡೆ ಬಿಟ್ಟು ನಾನೇನು ಮಾಡ್ಲಿ?"

ಹೊರಡುವ ಹೊತ್ತಾದರೂ ನೆಡ್ರಾ ಅವನ ಅಂಗಿ ಹಿಡಿದು ಕುಳಿತೇ ಇದ್ದಳು. ದಾರಿ ಕಾಣದವನೇ ಅವಳ ತೋಳು ಹಿಡಿದು ಎಬ್ಬಿಸಬೇಕಾಯಿತು.

ಅವನನ್ನು ಅವಳು ಮನೆಯಲ್ಲಿ ಕೂರಿಸಲಿಲ್ಲ. ಅವಳ ಬೆನ್ನುಚೀಲದ ಪಟ್ಟಿ ಹಿಡಿದು ಲವೆಲ್ ಈಗಲೂ ಚಿಲುಮೆಗೆ ನಡೆಯುತ್ತಾನೆ. ಸುಳ್ಳು ಗುಪ್ಪೆಗಳನ್ನು ಅವಳು ಒದೆಯುವುದಿಲ್ಲ. ಮಂಡಿಯೂರಿ, ಒಂದೊಂದೇ ಕಲ್ಲನ್ನು ನೋಡಿ ಕೆಳಗಿಡುತ್ತಾಳೆ. ಒಗೆಯುವ ಮುನ್ನ ಗಂಡನ ಪ್ಯಾಂಟಿನ ಜೇಬಿಗೆ ಕೈ ಹಾಕಲು ಮಾತ್ರ ಇಂದಿಗೂ ಅವಳಿಂದಾಗದು. ಅವನೇ ಜೇಬನ್ನು ಹೊರಗೆಳೆದು, ಖಾಲಿಯೆಂದು ತೋರಿಸಿ ಕೊಡಬೇಕು.