ಜಿಂಕೆ ಬೇಟೆಯ ದಿನ ಕವಿಗೋಷ್ಠಿ

ನಮ್ಮೂರು ಸ್ಟೋನಿ ಫೋರ್ಡಿನ ಶಾಲಾ ಬಸ್ ಓಡಿಸುವ ಆರ್ವಿಡ್ ಟೋಲೆಫ್ಸನ್ ಕವಿ. ಮೂರು ಪುಸ್ತಕ ಬಂದಿವೆ, ಓದಿದವರೆಲ್ಲ ದೂರದೂರದವರು. ಹಿತ್ತಲ ಗಿಡ ಮದ್ದಲ್ಲವಲ್ಲ, ಊರಿನವರಿಗೆ ಅವನು ಬರೀ ಬಸ್ಸಿನವನು.

ಹತ್ತೊಂಬತ್ತು ವರ್ಷದಿಂದ ತಿಂಗಳಿಗೊಮ್ಮೆ ಗ್ರಂಥಾಲಯದಲ್ಲಿ ಅವನು ಕವಿತೆ ಓದುತ್ತಾನೆ. ಅಲ್ಲಿನ ಗ್ರಂಥಪಾಲಕಿ ನಾನು, ಲುಯೆಲ್ಲಾ. ಕೇಳುವವರು ನಾಲ್ವರು, ಅದರಲ್ಲೊಬ್ಬ ನಿದ್ದೆಗೆಂದೇ ಬರುವವನು. ಈ ಸಲ ಊರ ಮಂಡಳಿಯವರು ಕಡ್ಡಿ ಮುರಿದಂತೆ ಹೇಳಿದರು: ಹಾಜರಿ ಪುಸ್ತಕದಲ್ಲಿ ಹತ್ತು ರುಜು ಬೀಳದಿದ್ದರೆ ಗೋಷ್ಠಿ ಬಂದ್. ಹೆಂಡತಿ ಸೋಲ್ವೆ ತೀರಿಕೊಂಡ ಮೇಲೆ ಆರ್ವಿಡ್‌ಗೆ ಉಳಿದಿದ್ದು ಅದೊಂದೇ.

ಅಂಥವನು ಗೊತ್ತು ಮಾಡಿದ ದಿನ ಯಾವುದು? ನವೆಂಬರಿನಲ್ಲಿ ಜಿಂಕೆ ಬೇಟೆ ಶುರುವಾಗುವ ಶನಿವಾರ. ಅವತ್ತು ನಮ್ಮಲ್ಲಿ ಮದುವೆ ಇಡುವುದಿಲ್ಲ, ಸಾಯುವವರೂ ಸೋಮವಾರದವರೆಗೆ ತಡೆದುಕೊಳ್ಳುತ್ತಾರೆ.

"ಕ್ಯಾಲೆಂಡರ್ ನೋಡ್ಲಿಲ್ವೇನೋ?" ಎಂದೆ.

"ನೋಡ್ದೆ. ಹುಣ್ಣಿಮೆ ಅಂತಿತ್ತು. ಚೆನ್ನಾಗಿರತ್ತೆ ಅನ್ನಿಸ್ತು."

ನನಗೆ ಮೈಯೆಲ್ಲ ಉರಿಯಿತು.

ಅಂದು ಮಧ್ಯಾಹ್ನ ಮೂರಾದರೂ ಹನ್ನೆರಡು ಕುರ್ಚಿಯೂ ಖಾಲಿ. ನಿದ್ದೆಯವನೂ ಬೇಟೆಗೆ ಹೋಗಿದ್ದ. ಹಾಜರಿ ಪುಸ್ತಕ ಕಂಕುಳಿಗೆ ಸಿಕ್ಕಿಸಿಕೊಂಡು ಆರ್ವಿಡ್‌ನನ್ನು ಎದುರಿನ ಮಾಂಸದಂಗಡಿಗೆ ಎಳೆದುಕೊಂಡು ಹೋದೆ. ಊರಿಗೆಲ್ಲ ಜಿಂಕೆ ಕತ್ತರಿಸಿಕೊಡುವ ಅಂಗಡಿ ಅದೊಂದೇ. ಬೇಟೆಗಾರರ ಕಿತ್ತಳೆ ಬಣ್ಣದ ಕೋಟು ತೊಟ್ಟ ಮೂವತ್ತು ಜನ ಸಾಲು ನಿಂತಿದ್ದರು. ಸಾಲು ಬಿಟ್ಟರೆ ಸರದಿ ಹೋಯಿತು, ಯಾರೂ ಓಡುವಂತಿಲ್ಲ.

"ಓದು," ಎಂದೆ.

ಎಲ್ಲರಿಗಿಂತ ಮುಂದೆ ನಿಂತವನು ಅವನ ಭಾವಮೈದುನ ಗಾರ್ಡಿ, ಸೋಲ್ವೆಯ ತಮ್ಮ. ಹೆತ್ತ ತಾಯಿಗೂ ಸರದಿ ಬಿಟ್ಟುಕೊಡದ ಆಸಾಮಿ. ಗೋಷ್ಠಿಗೆ ಒಂದು ದಿನವೂ ತಲೆ ಹಾಕಿದವನಲ್ಲ.

"ಶುರುವಾಯ್ತಪ್ಪ," ಎಂದ. "ಈ ಜಿಂಕೆ ಪುಣ್ಯ ಮಾಡಿತ್ತು, ಮೊದ್ಲೇ ಸತ್ತಿದೆ."

ಎಲ್ಲರೂ ನಕ್ಕರು. ಆರ್ವಿಡ್ ಓದಿದ. ಬೇಟೆಯ ದಿನ ಕತ್ತಲಲ್ಲೇ ಎದ್ದು ಗಂಡನಿಗೂ ತಮ್ಮನಿಗೂ ಸ್ಯಾಂಡ್‌ವಿಚ್ ಕಟ್ಟಿಕೊಡುವ ಹೆಂಗಸಿನ ಕವಿತೆ ಅದು. ತಮ್ಮನಿಗೆ ಸೇರುವುದಿಲ್ಲವೆಂದು ಅವನದಕ್ಕೆ ಮಾತ್ರ ಅವಳು ಈರುಳ್ಳಿ ಹಾಕುವುದಿಲ್ಲ. ಓದುತ್ತಿದ್ದಂತೆ ನಗು ನಿಂತಿತು.

"ಯಾರಪ್ಪಾ ಮುಂದಿನವ್ರು?" ಎಂದ ಅಂಗಡಿಯವನು.

ಗಾರ್ಡಿ ಟೋಪಿ ತೆಗೆದ. ಹಿಂದಿದ್ದವನನ್ನು ಮುಂದೆ ಬಿಟ್ಟ.

"ಇನ್ನೊಂದ್ ಸಲ ಓದು," ಎಂದ.

ಆರ್ವಿಡ್ ಓದಿದ. ಇನ್ನೊಬ್ಬನು ಮುಂದೆ ಹೋದ. ಮತ್ತೆ ಓದಿದ. ನನ್ನ ಕಣ್ಣು ತುಂಬಿದರೂ ಪುಸ್ತಕ ಹಿಡಿದು ಸಾಲಿನುದ್ದಕ್ಕೂ ರುಜು ಹಾಕಿಸಿದೆ. ಒಟ್ಟು ಮೂವತ್ತು, ಅರ್ಧಕ್ಕೆ ರಕ್ತದ ಬೆರಳಚ್ಚು. ಮಂಡಳಿಯವರು ಪುಟ ಮುಟ್ಟದೆಯೇ ಒಪ್ಪಿಕೊಂಡರು.

ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಕತ್ತರಿಸದ ಜಿಂಕೆಯ ಜೊತೆ ಉಳಿದಿದ್ದವನು ಗಾರ್ಡಿ ಒಬ್ಬನೇ.