ಒಂದೇ ಡ್ರಮ್ಮಿಗೆ ಸುರಿದ ಅಕ್ಕಿ

ಹಿಡಿ ಅಕ್ಕಿಯ ಯೋಚನೆ ತಲೆಗೆ ಬಂದ ಬೆಳಿಗ್ಗೆ ನಾನು ಒಲೆಯ ಮೇಲೆ ಹಾಲಿಟ್ಟದ್ದನ್ನೇ ಮರೆತು, ನಮ್ಮ ಕ್ವಾರ್ಟರ್ಸಿನ ಮೂರು ಮಹಡಿಯನ್ನೂ ಹತ್ತಿಳಿದು ಪ್ರತಿ ಮನೆಯ ಬೆಲ್ ಒತ್ತಿ ಬಂದೆ. ವಾಪಸು ಬರುವಷ್ಟರಲ್ಲಿ ಹಾಲು ಉಕ್ಕಿ, ಸೀದು, ಪಾತ್ರೆ ಕರಕಲಾಗಿತ್ತು. "ನಿಂಗೆ ಸುಮ್ನೆ ಒಂದ್ಕಡೆ ಕೂತ್ಕೊಳಕ್ಕಾಗಲ್ವೇನೇ?" ಎಂದರು ನಮ್ಮ ಯಜಮಾನರು. ಆಗುವುದಿಲ್ಲ. ಖುಷಿಯಾದರೆ ನನಗೆ ಕೂರಲಾಗುವುದಿಲ್ಲ, ಕೋಪ ಬಂದರೆ ನಿಲ್ಲಲಾಗುವುದಿಲ್ಲ. ಅವತ್ತು ಎರಡೂ ಒಟ್ಟಿಗೇ ಬಂದಿದ್ದವು.

ಎರಡು ಸಾವಿರದ ಇಸವಿ ದಾಟಿದ ಹೊಸತು. ಯಜಮಾನರಿಗೆ ಮೈಸೂರಿನಿಂದ ವರ್ಗವಾಗಿ ನಾವು ಮದರಾಸಿನ ಕಡಲಂಚಿನ ತಿರುವೊಟ್ಟಿಯೂರಿನ ಬ್ಯಾಂಕ್ ಕ್ವಾರ್ಟರ್ಸಿನಲ್ಲಿದ್ದೆವು. ನಮ್ಮ ಕಾಂಪೌಂಡ್ ಗೋಡೆಯ ನೆರಳಿಗೆ ದಿನಾ ಮೀನು ಮಾರುವ ಅಜ್ಜಿಯೊಬ್ಬಳು ಬಂದು ಬುಟ್ಟಿ ಇಳಿಸಿ ದಣಿವಾರಿಸಿಕೊಳ್ಳುತ್ತಿದ್ದಳು. ಅಲ್ಲಿಯವರು ಅಜ್ಜಿಯನ್ನು ಕರೆಯುವ ಹಾಗೆ ನಾನೂ ಅವಳನ್ನು 'ಆಯಾ' ಎನ್ನುತ್ತಿದ್ದೆ. ನಾವು ಮೀನು ತಿನ್ನುವವರಲ್ಲ. ನಾನು ಅವಳಿಗೆ ಕೊಡುತ್ತಿದ್ದದ್ದು ಒಂದು ಚೊಂಬು ನೀರು, ಅವಳು ನನಗೆ ಕೊಟ್ಟದ್ದು ನನ್ನ ಅರೆಬರೆ ತಮಿಳು.

ಏಪ್ರಿಲ್ ನಡುವಿನಲ್ಲಿ ಒಂದು ದಿನ ಅವಳು ಬುಟ್ಟಿಯಿಲ್ಲದೆ ಬಂದಳು. ಮೀನು ಮೊಟ್ಟೆಯಿಡುವ ಕಾಲವೆಂದು ಸರ್ಕಾರ ಲಾಂಚುಗಳು ಕಡಲಿಗಿಳಿಯುವುದನ್ನು ನಿಲ್ಲಿಸಿತ್ತು. ಲಾಂಚಿನಲ್ಲಿ ಕೂಲಿಗೆ ಹೋಗುವ ಮಗ ಮನೆಯಲ್ಲಿ ಕೂತಿದ್ದ. ಅದೇ ಹೊತ್ತಿಗೆ ಶಾಲೆಗೂ ಬೇಸಿಗೆ ರಜ, ಅಲ್ಲಿ ಸಿಗುತ್ತಿದ್ದ ಮಧ್ಯಾಹ್ನದ ಊಟವೂ ನಿಂತುಹೋಗಿತ್ತು. ಅವಳ ಬೀದಿಯ ಮಕ್ಕಳು ಮಧ್ಯಾಹ್ನ ನೀರು ಕುಡಿದು ಮಲಗುತ್ತಿದ್ದವು.

"ಒಂದು ಭಾನುವಾರ ಎಲ್ಲರನ್ನೂ ಕರಕೊಂಡು ಬಾ ಆಯಾ, ನಾನು ಊಟ ಹಾಕ್ತೀನಿ" ಅಂದುಬಿಟ್ಟೆ.

ಅಜ್ಜಿಗೆ ಸಂತೋಷವೇನೂ ಆಗಲಿಲ್ಲ. ಹಿಂದಿನ ವರ್ಷ ಯಾರೋ ದೊಡ್ಡ ಮನುಷ್ಯರು ಹೀಗೇ ಹೇಳಿದ್ದರಂತೆ. ಮಕ್ಕಳೆಲ್ಲ ತಟ್ಟೆ ಹಿಡಿದು ಬೀದಿಯಲ್ಲಿ ಸಾಲಾಗಿ ಕೂತವಂತೆ. ಬಿಸಿಲಿಳಿಯುವವರೆಗೂ ಕೂತವಂತೆ. ಯಾರೂ ಬರಲಿಲ್ಲ. "ಖಾಲಿ ತಟ್ಟೆ ಹಿಡ್ಕೊಂಡು ವಾಪಸ್ ಬಂದ ಮಗೂನ ನೋಡಿದ್ದೀಯಾಮ್ಮಾ? ಆಗದಿದ್ರೆ ಈಗಲೇ ಆಗಲ್ಲ ಅಂದುಬಿಡು" ಎಂದಳು. ಆ ದೊಡ್ಡ ಮನುಷ್ಯರು ಕೈಗೆ ಸಿಕ್ಕಿದ್ದರೆ ನಾಲ್ಕು ಬಾರಿಸುತ್ತಿದ್ದೆ! "ಬರೋ ಭಾನುವಾರ ಬೇಡ, ಅದರ ಮುಂದಿನ ಭಾನುವಾರ. ಖಂಡಿತ" ಎಂದೆ.

ಅಂದದ್ದೇನೋ ಆಯಿತು, ಅಷ್ಟು ಜನಕ್ಕೆ ಎಲ್ಲಿಂದ ತರುವುದು? ರಾತ್ರಿಯೆಲ್ಲ ಹೊರಳಾಡಿದೆ. ಬೆಳಿಗ್ಗೆ ಅನ್ನಕ್ಕೆ ಅಕ್ಕಿ ಅಳೆಯುವಾಗ ಅಮ್ಮನ ನೆನಪಾಯಿತು. ಅನ್ನಕ್ಕಿಡುವ ಮೊದಲು ಅವಳು ಒಂದು ಹಿಡಿ ಅಕ್ಕಿಯನ್ನು ಬೇರೆ ಗಡಿಗೆಗೆ ಹಾಕುತ್ತಿದ್ದಳು, ಬೇಡಿ ಬಂದವರಿಗೆಂದು. ಹಾಲು ಉಕ್ಕಿದ್ದು ಆಗಲೇ. ಪ್ರತಿ ಮನೆಯವರೂ ದಿನಕ್ಕೊಂದು ಹಿಡಿ ತೆಗೆದಿಡಲು ಒಪ್ಪಿದರು. ಬ್ಯಾಂಕಿನವರೇ ತುಂಬಿದ್ದ ಕ್ವಾರ್ಟರ್ಸಾದ್ದರಿಂದ ಅದಕ್ಕೆ 'ಅಕ್ಕಿ ಬ್ಯಾಂಕು' ಎಂದು ಹೆಸರೂ ಬಿತ್ತು. ಮೆಟ್ಟಿಲಲ್ಲಿ ಎದುರಾದವರೆಲ್ಲ "ಇವತ್ತಿನ ಡಿಪಾಸಿಟ್ ಆಯ್ತಾ?" ಎಂದು ಕೇಳುತ್ತಿದ್ದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಹೇಳಿದ ಭಾನುವಾರದ ಹಿಂದಿನ ಸಂಜೆ ಎಲ್ಲ ಮನೆಯ ಗಂಡಸರೂ ಡಬ್ಬಿ ಹಿಡಿದು ಕೆಳಗಿನ ಕಾರ್ ಶೆಡ್ಡಿಗೆ ಇಳಿದರು. ಹೊಸ ನೀಲಿ ಡ್ರಮ್ಮಿಗೆ ಅರಿಶಿನ ಕುಂಕುಮ ಹಚ್ಚಿದ್ದೆವು. ಒಬ್ಬೊಬ್ಬರು ಸುರಿದಾಗಲೂ ಚಪ್ಪಾಳೆ. ಡ್ರಮ್ಮು ತುಂಬುವುದನ್ನು ನೋಡಿ ನನ್ನ ಕಣ್ಣೂ ತುಂಬಿತು.

ಬೆಳಿಗ್ಗೆ ಅಡುಗೆಗೆಂದು ಮೇಲಿನ ಮಹಡಿಯ ಮಾಮಿ ಸೆರಗು ಸಿಕ್ಕಿಸಿಕೊಂಡು ಬಂದರು. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಇರುವ ಕನ್ನಡದವರು, ಮಾತಿನಲ್ಲಿ ಅರ್ಧಕ್ಕರ್ಧ ತಮಿಳು. ಡ್ರಮ್ಮಿಗೆ ಕೈಹಾಕಿ ಒಂದು ಬೊಗಸೆ ಎತ್ತಿ ನೋಡಿದವರೇ ಕಿರುಚಿಕೊಂಡರು.

"ಐಯ್ಯಯ್ಯೋ! ಏನಮ್ಮಾ ಇದು ಅಕ್ರಮ? ಪಚ್ಚರಿಸಿ, ಪುಳುಂಗಲರಿಸಿ ಎಲ್ಲಾ ಒಂದೇ ಡ್ರಮ್ಮಲ್ಲಾ?"

ಮೈಸೂರು ಕಡೆಯ ನಮ್ಮ ಮನೆಗಳಲ್ಲಿ ಅನ್ನಕ್ಕೆ ಹಸಿ ಅಕ್ಕಿ. ಅದೇ ಪಚ್ಚರಿಸಿ. ತಮಿಳರ ಮನೆಗಳಲ್ಲಿ, ಮಾಮಿಯ ಮನೆಯಲ್ಲೂ, ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ ಪುಳುಂಗಲರಿಸಿ. ಒಂದು ಬೇಗ ಬೇಯುತ್ತದೆ, ಇನ್ನೊಂದಕ್ಕೆ ಹೊತ್ತು ಬೇಕು. ಒಂದು ಪಾವು ಬೇಯಿಸಿ ನೋಡಿದೆವು. ಹಸಿ ಅಕ್ಕಿ ಕರಗಿ ಅಂಟಿನಂತಾಯಿತು, ಇನ್ನೊಂದು ಹಲ್ಲಿಗೆ ಕಲ್ಲಿನ ಹಾಗೆ ಸಿಕ್ಕಿತು. ಚಪ್ಪಾಳೆ ತಟ್ಟಿದವರಲ್ಲಿ ಒಬ್ಬರಿಗಾದರೂ ಇದು ಹೊಳೆಯಬಾರದಿತ್ತೇ!

"ಬಿಡೇ, ಅಂಗಡೀಗ್ ಹೋಗಿ ಒಂದ್ ಮೂಟೆ ತಂದ್ಬಿಡ್ತೀನಿ" ಎಂದರು ಯಜಮಾನರು.

"ಜನ ಹಿಡಿಹಿಡಿ ತೆಗೆದಿಟ್ಟಿದ್ದನ್ನ ಮೂಲೆಗೆ ತಳ್ಳಿದ್ರೆ ನಾಳೆಯಿಂದ ಯಾರ್ ಹಾಕ್ತಾರ್ರೀ? ಒಂದು ದಿನ ಊಟ ಹಾಕಿ ನಾವೂ ಬಾಗ್ಲು ಮುಚ್ಕೊಳೋದಾ?" ಎಂದು ಅವರ ಮೇಲೆ ಹರಿಹಾಯ್ದೆ. ಮೊರ ತಂದು ಒಂದೊಂದೇ ಕಾಳು ಆರಿಸುತ್ತೇನೆಂದು ಕೂತೇಬಿಟ್ಟೆ.

ಮಾಮಿಗೆ ರೇಗಿತು. "ನಿನಗೆ ಪೈತ್ಯವಾ, ಹುಚ್ಚಾ? ಮುಂದಿನ ದೀಪಾವಳಿ ತನಕ ಆರಿಸು! ಇದು ಏನಕ್ಕೂ ಆಗಲ್ಲಮ್ಮಾ. ನೆನೆಹಾಕಿ ಅಡೈ ಹುಯ್ಯಕ್ಕೆ ತಾನ್ ಲಾಯಕ್ಕು!"

ಹೇಳಿ ಮುಗಿಸಿದ ಮಾಮಿಯ ಬಾಯಿ ತೆರೆದೇ ಇತ್ತು. ನಾನು ಅವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. "ಅಡೈ!" ಎಂದು ಇಬ್ಬರೂ ಒಟ್ಟಿಗೇ ಕೂಗಿದೆವು. ಅಡೈ ಎಂದರೆ ಅಕ್ಕಿ, ಬೇಳೆ ರುಬ್ಬಿ ಹುಯ್ಯುವ ದಪ್ಪ ದೋಸೆ. ಹುದುಗು ಬರಲೆಂದು ಕಾಯಬೇಕಿಲ್ಲ. ಅದಕ್ಕೆ ಎರಡು ಅಕ್ಕಿಯನ್ನೂ ಬೇಕೆಂದೇ ಬೆರೆಸುತ್ತಾರೆ. ನಾನು ಮೊರವನ್ನು ಎಸೆದು ಮಾಮಿಯನ್ನು ತಬ್ಬಿಕೊಂಡೆ. "ಬಿಡೇ, ಬಿಡೇ, ಮಡಿ!" ಎಂದು ಅವರು ಬಿದ್ದುಬಿದ್ದು ನಕ್ಕರು.

ಆಮೇಲಿನ ಗಲಾಟೆ ಏನು ಹೇಳಲಿ! ಮನೆಮನೆಯಿಂದ ತೊಗರಿಬೇಳೆ, ಕಡಲೆಬೇಳೆ, ಉದ್ದಿನಬೇಳೆ ಬಂತು. ಲಾರಿಯಲ್ಲಿ ಬರುವ ನೀರಿಗೆ ದಿನಾ ಜಗಳವಾಡುತ್ತಿದ್ದವರೇ ಕೊಡಗಟ್ಟಲೆ ನೀರು ಹೊತ್ತು ತಂದರು. ಅಕ್ಕಿ ನೆಂದ ಮೇಲೆ ಎಲ್ಲ ಮನೆಯ ಗ್ರೈಂಡರುಗಳೂ ಒಂದೇ ಸಲ ಗರಗರ ತಿರುಗಿದವು. ಕರೆಂಟು ಹೋಗದಿರಲಿ ಎಂದು ನಾನು ಊರಿನ ದೇವರಿಗೆಲ್ಲ ಕೈಮುಗಿದೆ. ಯಜಮಾನರು ಬೈದುಕೊಳ್ಳುತ್ತಲೇ ಗ್ಯಾಸ್ ಸಿಲಿಂಡರ್ ಹೊತ್ತು ಇಳಿಸಿದರು. ಮಧ್ಯಾಹ್ನಕ್ಕೆ ಕಾರ್ ಶೆಡ್ಡಿನ ತುಂಬ ಇಂಗು, ಕರಿಬೇವಿನ ಘಮ.

ಆಗ ಅಜ್ಜಿ ಬಂದಳು. ಒಬ್ಬಳೇ ಬಂದಳು.

"ಮಕ್ಕಳೆಲ್ಲಿ ಆಯಾ?"

ಅವಳು ಕಾವಲಿಗಳನ್ನು ನೋಡಿದಳು, ಹಿಟ್ಟಿನ ಪಾತ್ರೆಗಳನ್ನು ಬಗ್ಗಿ ನೋಡಿದಳು. ನಾನು ಕೊಟ್ಟ ಅಡೈಯನ್ನು ಮುರಿದಳು, ಆದರೆ ಬಾಯಿಗೆ ಹಾಕಲಿಲ್ಲ. ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದಿದ್ದು, ಹಾಗೇ ತಿರುಗಿ ಗೇಟು ದಾಟಿ ಹೋಗಿಬಿಟ್ಟಳು. ಊಟ ಎಂದು ಹೇಳಿ ಅಡೈ ಮಾಡಿದ್ದಕ್ಕೆ ಬೇಜಾರಾಯಿತೇ? ಇಷ್ಟೆಲ್ಲ ಮಾಡಿದ್ದು ಯಾರಿಗೆ? ಕೋಪ, ಅಳು ಎರಡೂ ಒತ್ತರಿಸಿ ಬಂದು ಸೌಟು ಹಿಡಿದುಕೊಂಡೇ ಗೇಟಿನ ತನಕ ಓಡಿದೆ.

ಅವಳು ಕಾಣಲಿಲ್ಲ. ಗೇಟಿಗೂ ಒಲೆಗೂ ಹತ್ತು ಸಲ ಅಲೆದಾಡುವಷ್ಟರಲ್ಲಿ ಬೀದಿಯ ಆ ತುದಿಯಿಂದ ತಟ್ಟೆಗಳ ಸದ್ದು ಕೇಳಿಸಿತು. ಮಕ್ಕಳು ಓಡಿ ಬರುತ್ತಿದ್ದವು. ಕೆಲವಕ್ಕೆ ಅಂಗಿಯಿಲ್ಲ, ಕೆಲವು ಇನ್ನೂ ನಿದ್ದೆಗಣ್ಣು ಉಜ್ಜಿಕೊಳ್ಳುತ್ತಿದ್ದವು. ಹಿಂದೆ ಏದುಸಿರು ಬಿಡುತ್ತಾ ಅಜ್ಜಿ.

"ಈಗಷ್ಟೇ ಎಬ್ಬಿಸಿ ಹೇಳಿದೆ ಕಣಮ್ಮಾ" ಎಂದಳು. "ಬಿಸಿ ನನ್ನ ಕೈಗೆ ತಾಗೋ ತನಕ ಮಕ್ಕಳಿಗೆ ಹೇಳಬಾರದು ಅಂತಿದ್ದೆ."

ಅಷ್ಟು ದಿನವೂ ಅವಳು ಒಬ್ಬರಿಗೂ ಹೇಳಿರಲಿಲ್ಲ. ಮಾಮಿ ಒಂದೊಂದು ಅಡೈಯ ಮೇಲೂ ಒಂದು ಚೂರು ಬೆಲ್ಲವಿಟ್ಟು ಹಾಕುತ್ತಾ ಹೋದರು. ಮಕ್ಕಳು ಅಡೈ ತಿಂದು, ತಟ್ಟೆ ನೆಕ್ಕಿ, ಮತ್ತೆ ತಟ್ಟೆ ಚಾಚಿದವು. ಅಜ್ಜಿ ಎಲ್ಲರದೂ ಆದ ಮೇಲೆ ಕೂತು ನಿಧಾನವಾಗಿ ತಿಂದಳು. ಎದ್ದು ಹೊರಡುವಾಗ ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದಳು, "ಬರೋ ಭಾನುವಾರ?"

"ಇದೆ ಆಯಾ" ಎಂದೆ.

ಅವಳು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಮಕ್ಕಳ ಕಡೆ ತಿರುಗಿ, ಇಡೀ ಬೀದಿಗೆ ಕೇಳುವ ಹಾಗೆ, ಮೀನು ಮಾರುವ ಗಂಟಲಿನಲ್ಲಿ ಕೂಗಿದಳು. "ಲೋ, ಬರೋ ಭಾನುವಾರವೂ ತಟ್ಟೆ ತನ್ನಿರೋ!"